ಹೆಸರು ಬೀಳುವ ಹೊತ್ತು: ಚಲನಚಿತ್ರದ ಶೀರ್ಷಿಕೆ ಭಾಗ, ಬಯಲಾಟದ ಪೂರ್ವರಂಗ ಮತ್ತು ವಿದ್ಯಾರ್ಥಿ ಕಿರುಯೋಜನೆ

೧

ಪದವಿ ಮತ್ತು ಸ್ನಾತಕೋತ್ತರ ಹಂತದ ಕನ್ನಡ ವಿದ್ಯಾರ್ಥಿಗಳು ಕಿರುಯೋಜನೆಯನ್ನು ಬರವಣಿಗೆಯ ರೂಪದಲ್ಲಿ ಮಾತ್ರ ಒಪ್ಪಿಸುತ್ತಿದ್ದ ಕಾಲ ಹಿಂದೆ ಸರಿದಿದೆ. ಮೊಬೈಲ್ ಫೋನಿನಲ್ಲಿಯೇ ಚಿತ್ರೀಕರಣ ಮತ್ತು ಸಂಕಲನ ಎರಡೂ ಸಾಧ್ಯವಾಗಿರುವುದರಿಂದ ಹಾಡುಗಾರರು, ಆಟದ ಮೇಳಗಳು, ಕುಶಲಕರ್ಮಿಗಳನ್ನು ಕುರಿತ ಹತ್ತು ಹನ್ನೆರಡು ನಿಮಿಷಗಳ ದೃಶ್ಯ ದಾಖಲೆಯೊಂದು ಪ್ರಬಂಧದ ಜೊತೆಗೆ ಸೇರುವುದು ಈಗ ಅಪರೂಪವಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಇಂಥ ದಾಖಲೆಗೆ ವಸ್ತುವಿನ ಕೊರತೆಯಿಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ಕುಲಗೋಡ ಮತ್ತು ಕೌಜಲಗಿ, ಕಟ್ಟಿಗೆಯ ಗೊಂಬೆ ಮತ್ತು ಹಣ್ಣುಗಳ ಗೋಕಾಕ, ಚಂದ್ರಶೇಖರ ಕಂಬಾರರ ಘೋಡಗೇರಿ, ಬಸವರಾಜ ಕಟ್ಟೀಮನಿಯವರ ಮಲಾಮರಡಿ, ಆನಂದಕಂದರ ಬೆಟಗೇರಿ ಇವೆಲ್ಲವೂ ಈ ಸೀಮೆಯೊಳಗಿನ ಊರುಗಳು.

ತೊಡಕು ಎದುರಾಗುವುದು ಆರಂಭದಲ್ಲಿ. ದಾಖಲೆಯನ್ನು ಹೇಗೆ ಶುರುಮಾಡಬೇಕೆಂಬ ಪ್ರಶ್ನೆಗೆ ವಿದ್ಯಾರ್ಥಿಗೆ ಸುಲಭವಾಗಿ ಸಿಗುವ ಉತ್ತರ ಸಂಕಲನದ ತಂತ್ರಾಂಶದಲ್ಲಿ ಮೊದಲೇ ಸಿದ್ಧವಾಗಿರುವ ಅಚ್ಚುಗಳು. ಹೊಳೆಯುವ ಬಂಗಾರದ ಅಕ್ಷರಗಳು ಸುತ್ತುತ್ತ ಬಂದು ನಿಲ್ಲುತ್ತವೆ. ಹಿಂದೆ ಗೋಕಾಕ ಫಾಲ್ಸಿನ ಮೇಲಿನಿಂದ ತೆಗೆದ ದೃಶ್ಯವೊಂದು ಧುಮ್ಮಿಕ್ಕುತ್ತದೆ. ಯೋಜನೆಯ ಹೆಸರು, ಮಹಾವಿದ್ಯಾಲಯದ ಹೆಸರು, ಮಾರ್ಗದರ್ಶಕರ ಹೆಸರು, ವಿದ್ಯಾರ್ಥಿಯ ಹೆಸರು ಒಂದಾದ ಮೇಲೊಂದು ಬೀಳುತ್ತವೆ. ಹಾಡಿದವಳ ಹೆಸರು ಇರುವುದಿಲ್ಲ. ಇದ್ದರೂ ಕೊನೆಯಲ್ಲಿ, ಕೃತಜ್ಞತೆಗಳ ಸಾಲಿನಲ್ಲಿ, ಓದುವುದರೊಳಗೆ ಮೇಲಕ್ಕೆ ಸರಿದು ಹೋಗಿರುತ್ತದೆ.

ಚಲನಚಿತ್ರದ ಶೀರ್ಷಿಕೆ ಭಾಗದಿಂದ, ಅಂದರೆ ಜನರ ಮಾತಿನಲ್ಲಿ 'ಟೈಟಲ್ ಬೀಳುವ' ಅಥವಾ 'ಹೆಸರು ಬೀಳುವ' ಭಾಗದಿಂದ, ವಿದ್ಯಾರ್ಥಿ ಯೋಜನೆಯೊಂದು ಏನನ್ನು ಪಡೆಯಬಹುದು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಶೀರ್ಷಿಕೆ ಭಾಗದ ಅಂದವನ್ನು ಅನುಕರಿಸುವುದು ಸುಲಭ. ಅದರಿಂದ ಪ್ರಯೋಜನ ಕಡಿಮೆ. ಅನುಸರಿಸಬೇಕಾದದ್ದು ಆ ಭಾಗ ಮಾಡುವ ಕೆಲಸವನ್ನು. ಆ ಕೆಲಸ ಎರಡು ಬಗೆಯದು: ಕೃತಿಯನ್ನು ಹೇಗೆ ನೋಡಬೇಕೆಂಬ ಒಪ್ಪಂದವನ್ನು ನೋಡುಗನೊಡನೆ ಮಾಡಿಕೊಳ್ಳುವುದು, ಮತ್ತು ಕೃತಿ ಯಾರ ಯಾರ ಋಣದಲ್ಲಿದೆ ಎಂಬುದನ್ನು ಹೆಸರು ಹಿಡಿದು ಹೇಳುವುದು. ಕನ್ನಡದ ಕಾವ್ಯ ಮತ್ತು ಆಟದ ಪರಂಪರೆಗೆ ಈ ಎರಡೂ ಹೊಸವಲ್ಲ.

೨

ಶೀರ್ಷಿಕೆ ಭಾಗವನ್ನು ಸ್ವತಂತ್ರ ಕಲೆಯಾಗಿ ನೋಡುವ ಚರ್ಚೆಗಳು ಸಾಮಾನ್ಯವಾಗಿ ಅಮೆರಿಕದ ವಿನ್ಯಾಸಕಾರ ಸಾಲ್ ಬಾಸ್‌ನಿಂದ ಆರಂಭವಾಗುತ್ತವೆ. ಆಟೊ ಪ್ರೆಮಿಂಜರ್ ನಿರ್ದೇಶಿಸಿದ 'ದಿ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್' (೧೯೫೫) ಮಾದಕ ವ್ಯಸನಿಯೊಬ್ಬನ ಕಥೆ. ಬಾಸ್ ಇದಕ್ಕೆ ನಟರ ಮುಖಗಳನ್ನು ಬಳಸಲಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಪಟ್ಟಿಗಳು ಒಂದೊಂದಾಗಿ ಚಲಿಸಿ, ಕೊನೆಗೆ ಕತ್ತರಿಸಿದ ಕಾಗದದಂತೆ ಕಾಣುವ ಸೊಟ್ಟ ತೋಳಾಗಿ ನಿಲ್ಲುತ್ತವೆ. ಸೂಜಿ ಚುಚ್ಚಿಸಿಕೊಳ್ಳುವ ತೋಳೇ ಚಿತ್ರದ ವಸ್ತು. ಅಲ್ಲಿಯವರೆಗೆ ಹಲವು ಚಿತ್ರಮಂದಿರಗಳಲ್ಲಿ ಹೆಸರುಗಳು ಬೀಳುವಾಗ ಮುಂದಿನ ಪರದೆ ಇನ್ನೂ ಮುಚ್ಚಿಯೇ ಇರುತ್ತಿತ್ತು. ಕಥೆ ಶುರುವಾಗುವ ಹೊತ್ತಿಗೆ ಅದನ್ನು ಸರಿಸುತ್ತಿದ್ದರು. ಈ ಚಿತ್ರದ ಸುರುಳಿಗಳ ಜೊತೆಗೆ, ಪರದೆ ಸರಿಸಿದ ಮೇಲೆಯೇ ಶೀರ್ಷಿಕೆಗಳನ್ನು ತೋರಿಸಬೇಕೆಂಬ ಸೂಚನೆಯೂ ಹೋಗಿತ್ತೆಂಬುದು ಪ್ರಸಿದ್ಧವಾದ ಸಂಗತಿ. ಹೆಸರುಗಳ ಭಾಗವೂ ನೋಡಬೇಕಾದ ಭಾಗ ಎಂಬ ಹಕ್ಕೊತ್ತಾಯ ಅದರಲ್ಲಿತ್ತು. ಹಿಚ್‌ಕಾಕನ 'ವರ್ಟಿಗೊ' (೧೯೫೮) ಚಿತ್ರದಲ್ಲಿ ಹೆಣ್ಣಿನ ಕಣ್ಣಿನೊಳಗಿಂದ ಏಳುವ ಸುರುಳಿಗಳು, 'ಸೈಕೊ' (೧೯೬೦) ಚಿತ್ರದಲ್ಲಿ ಗೆರೆಗಳ ನಡುವೆ ಒಡೆದು ಹೋಗುವ ಅಕ್ಷರಗಳು ಇದೇ ಕ್ರಮದ ಮುಂದಿನ ಹೆಜ್ಜೆಗಳು. ಇವುಗಳಲ್ಲಿ ಚಿತ್ರದ ಕಥೆಯ ಸಾರಾಂಶವಿಲ್ಲ, ಅದರ ಮನಃಸ್ಥಿತಿಯನ್ನು ಸೂಚಿಸುವ ಒಂದೇ ಒಂದು ಆಕೃತಿಯಿದೆ.

ಕನ್ನಡ ವಿದ್ಯಾರ್ಥಿಗೆ ಬಾಸ್‌ಗಿಂತ ಹೆಚ್ಚು ಹತ್ತಿರದ ಮಾದರಿ ಸತ್ಯಜಿತ್ ರಾಯ್. ನಿರ್ದೇಶಕನಾಗುವ ಮೊದಲು ರಾಯ್ ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದರಲ್ಲಿ ಕಲಾವಿದನಾಗಿದ್ದವರು, ಪುಸ್ತಕಗಳ ಮುಖಪುಟ ಬರೆದವರು. ವಿಭೂತಿಭೂಷಣರ 'ಪಥೇರ್ ಪಾಂಚಾಲಿ'ಯ ಸಂಕ್ಷಿಪ್ತ ಆವೃತ್ತಿಗೆ ಚಿತ್ರಗಳನ್ನು ಬರೆದಾಗಲೇ ಆ ಕಾದಂಬರಿ ಅವರೊಳಗೆ ಚಲನಚಿತ್ರವಾಗಿ ಬೆಳೆಯತೊಡಗಿತ್ತು. ೧೯೫೫ರಲ್ಲಿ ಬಂದ ಚಿತ್ರದ ಶೀರ್ಷಿಕೆಗಳು ಒರಟು ಕಾಗದದ ಮೇಲೆ ಕೈಯಿಂದ ಬರೆದ ಬಂಗಾಳಿ ಅಕ್ಷರಗಳು. ಜೊತೆಗೆ ರವಿಶಂಕರರ ಸಿತಾರ್. ಹಳೆಯ ಹಸ್ತಪ್ರತಿಯ ಪುಟ ತೆರೆದಂತೆ ಚಿತ್ರ ತೆರೆಯುತ್ತದೆ. ಕಥೆ ಪುಸ್ತಕದಿಂದ ಬಂದುದೆಂಬುದನ್ನು ಒಂದು ಮಾತೂ ಆಡದೆ ಒಪ್ಪಿಕೊಳ್ಳುವ ಕ್ರಮ ಇದು.

'ಚಾರುಲತಾ' (೧೯೬೪) ಇನ್ನೂ ಮುಂದಕ್ಕೆ ಹೋಗುತ್ತದೆ. ಹೆಸರುಗಳು ಬೀಳುತ್ತಿರುವಷ್ಟು ಹೊತ್ತೂ ಹೆಣ್ಣಿನ ಎರಡು ಕೈಗಳು ಕರವಸ್ತ್ರದ ಮೇಲೆ ರೋಮನ್ ಲಿಪಿಯ 'ಬಿ' ಅಕ್ಷರವನ್ನು ಹೊಲಿಯುತ್ತಿರುತ್ತವೆ. ಅದು ಗಂಡ ಭೂಪತಿಯ ಹೆಸರಿನ ಮೊದಲಕ್ಷರ. ಅವಳ ನಿಷ್ಠೆ, ಅವಳ ಬಿಡುವು, ಬಿಡುವಿನೊಳಗಿನ ಒಂಟಿತನ, ಗಂಡನ ಇಂಗ್ಲಿಷ್ ವ್ಯಾಮೋಹ ಇಷ್ಟೂ ಒಂದು ಅಕ್ಷರದ ಹೊಲಿಗೆಯಲ್ಲಿ ಅಡಗಿವೆ. ಕೌದಿ ಹೊಲಿಯುವ ಹೆಂಗಸರಿರುವ ಸೀಮೆಯ ವಿದ್ಯಾರ್ಥಿ ಈ ಎರಡು ನಿಮಿಷಗಳನ್ನು ಹತ್ತು ಸಲ ನೋಡಿದರೂ ನಷ್ಟವಿಲ್ಲ. ಕೈಗೆಲಸವನ್ನು ತೋರಿಸುವುದಕ್ಕೂ ಕೈಗೆಲಸದ ಮೂಲಕ ಮನುಷ್ಯರನ್ನು ತೋರಿಸುವುದಕ್ಕೂ ಇರುವ ಅಂತರ ಅಲ್ಲಿ ಕಾಣುತ್ತದೆ.

ಕರ್ನಾಟಕದಲ್ಲಿ ಒಂದು ತಲೆಮಾರಿನ ನೆನಪಿನಲ್ಲಿ ಉಳಿದಿರುವ ಶೀರ್ಷಿಕೆ ಭಾಗ ಬಹುಶಃ ಶಂಕರ್‌ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಧಾರಾವಾಹಿಯದು. ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು ಮತ್ತು ಎಲ್. ವೈದ್ಯನಾಥನ್‌ರ ರಾಗಸಂಯೋಜನೆ ಇಲ್ಲದ ಊರೊಂದನ್ನು ಇದೆಯೆಂದು ನಂಬಿಸಿದವು. ಅಣ್ಣ ಬರೆದ ಕಥೆಗಳಿಗೆ ತಮ್ಮನ ಗೆರೆಗಳು ಬಾಗಿಲಾದ ಉದಾಹರಣೆಯಾಗಿಯೂ ಅದು ಗಮನಾರ್ಹ. ಇಂದು ಅಂತರಜಾಲದ ವೇದಿಕೆಗಳಲ್ಲಿ ಶೀರ್ಷಿಕೆ ಭಾಗವನ್ನು ದಾಟಿ ಮುಂದೆ ಹೋಗಲು ಗುಂಡಿಯೊಂದನ್ನೇ ಕೊಟ್ಟಿರುತ್ತಾರೆ. ೧೯೫೫ರಲ್ಲಿ ಸರಿಸಿದ ಪರದೆಯನ್ನು ಮತ್ತೆ ಎಳೆದಂತೆಯೇ ಸರಿ.

೩

ಈ ಚರ್ಚೆಯನ್ನು ಪಶ್ಚಿಮದ ವಿನ್ಯಾಸಶಾಸ್ತ್ರಕ್ಕೆ ಮಾತ್ರ ಸೇರಿದ್ದೆಂದು ತಿಳಿದರೆ ಕನ್ನಡದ ಕಾವ್ಯಾರಂಭಗಳನ್ನು ಮರೆತಂತಾಗುತ್ತದೆ. ಹಳಗನ್ನಡ ಕಾವ್ಯದ ಪೀಠಿಕೆಯಲ್ಲಿ ಇಷ್ಟದೇವತಾ ಸ್ತುತಿ, ಪೂರ್ವಕವಿಗಳ ಸ್ಮರಣೆ, ಪೋಷಕನ ಪ್ರಶಂಸೆ, ಕವಿಯ ಕುಲ ಮತ್ತು ಊರುಗಳ ವಿವರ ಕ್ರಮವಾಗಿ ಬರುತ್ತವೆ. ಈ ಸೀಮೆಗೆ ಹೊಂದಿಕೊಂಡಿರುವ ಮುಧೋಳದ ರನ್ನ ತಾನು ಬಳೆಗಾರರ ಕುಲದವನೆಂಬುದನ್ನೂ, ತನ್ನ ತಂದೆತಾಯಿಗಳ ಹೆಸರನ್ನೂ, 'ಅಜಿತಪುರಾಣ'ವನ್ನು ಬರೆಯಿಸಿದ ಅತ್ತಿಮಬ್ಬೆಯ ಹಿರಿಮೆಯನ್ನೂ ಕಾವ್ಯದೊಳಗೇ ದಾಖಲಿಸಿದ್ದಾನೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ನಿರ್ಮಾಪಕಿಯ ಹೆಸರು ಬಿದ್ದಿದೆ. ಶಾಸನಗಳಲ್ಲಿ ದಾನಿಯ ಹೆಸರು ಮೊದಲಿಗೂ, ಬರೆದವನ ಮತ್ತು ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರು ಹಲವೆಡೆ ಕೊನೆಗೂ ಬರುತ್ತವೆ. ಮೊದಲು ಯಾರು, ಕೊನೆಗೆ ಯಾರು ಎಂಬ ಶ್ರೇಣಿ ಆಗಲೂ ಇತ್ತು. ಆದರೆ ಕೈಯಿಂದ ಕೆಲಸ ಮಾಡಿದವನನ್ನು ಹೆಸರಿಲ್ಲದೆ ಬಿಡಬಾರದೆಂಬ ಎಚ್ಚರವೂ ಕೆಲವರಿಗೆ ಇತ್ತೆಂಬುದು ಮುಖ್ಯ.

ಬಯಲಾಟದ ಪೂರ್ವರಂಗ ಇದನ್ನು ರಂಗದ ಮೇಲೆ ನಡೆಸಿಕೊಡುತ್ತದೆ. ದೊಡ್ಡಾಟದಲ್ಲಿ ಪಾತ್ರ ಬಂದು ನಿಂತೊಡನೆ ಸಾರಥಿ ಅದನ್ನು ಮಾತಿಗೆಳೆಯುತ್ತಾನೆ: ತಾವು ಯಾರು, ಯಾವ ದೇಶ, ಬಂದ ಕಾರಣವೇನು. ಪಾತ್ರ ತನ್ನ ಹೆಸರನ್ನು ತಾನೇ, ಬಿರುದುಗಳ ಸಮೇತ, ಸಭೆಯೆದುರು ಹೇಳಿಕೊಳ್ಳಬೇಕು. ಹೆಸರು ಹೇಳದ ಪಾತ್ರಕ್ಕೆ ಆಟದೊಳಗೆ ಪ್ರವೇಶವಿಲ್ಲ. ಶ್ರೀಕೃಷ್ಣ ಪಾರಿಜಾತದಲ್ಲಿ ಸ್ತುತಿಪದಗಳ ನಂತರ ಭಾಗವತ ಮತ್ತು ಗೊಲ್ಲತಿಯ ಸಂವಾದ ನಡೆಯುತ್ತದೆ. ಮೂಲಕಥೆಗೆ ನೇರವಾಗಿ ಬೇಕಿಲ್ಲದ ಈ ಭಾಗವನ್ನು ಹಾಸ್ಯಕ್ಕಾಗಿ ಸೇರಿಸಿದ್ದೆಂದು ಬದಿಗೆ ತಳ್ಳುವುದು ತಪ್ಪಾಗುತ್ತದೆ. ಸಭೆ ಇನ್ನೂ ನೆರೆಯುತ್ತಿರುವಾಗ, ಬಂದವರು ಕಂಬಳಿ ಹಾಸಿ ಕೂಡುತ್ತಿರುವಾಗ, ದ್ವಾರಕೆಯ ಕಥೆಯನ್ನು ಹಾಲು ಮೊಸರಿನ ಈ ಊರಿನ ಮಾತಿಗೆ ಇಳಿಸುವ ಕೆಲಸವನ್ನು ಅದು ಮಾಡುತ್ತದೆ. ಕೃಷ್ಣ, ರುಕ್ಮಿಣಿ, ಸತ್ಯಭಾಮೆಯರು ಮುಂದೆ ಏನೇ ಆಡಿದರೂ ಅದನ್ನು ಯಾವ ಕಿವಿಯಿಂದ ಕೇಳಬೇಕೆಂಬುದು ಗೊಲ್ಲತಿಯ ಮಾತಿನಲ್ಲಿ ತೀರ್ಮಾನವಾಗಿರುತ್ತದೆ. ಶೀರ್ಷಿಕೆ ಭಾಗದ ಮೊದಲ ಕೆಲಸವೆಂದು ಮೇಲೆ ಹೇಳಿದ ಒಪ್ಪಂದ ಇದೇ.

ಪಾರಿಜಾತದ ಕರ್ತೃತ್ವದ ಪ್ರಶ್ನೆಯೂ ಇಲ್ಲಿ ಪ್ರಸ್ತುತ. ಕೃತಿ ಅಪರಾಳ ತಮ್ಮಣ್ಣನದೆಂದೂ ಅದನ್ನು ಆಟಕ್ಕೆ ಒಗ್ಗಿಸಿ, ಬೆಳೆಸಿ, ಈ ಭಾಗದಲ್ಲಿ ಪ್ರಚಾರಕ್ಕೆ ತಂದವನು ಕುಲಗೋಡ ತಮ್ಮಣ್ಣನೆಂದೂ ವಿದ್ವಾಂಸರು ಹೇಳುತ್ತಾರೆ. ಇಬ್ಬರು ತಮ್ಮಣ್ಣರನ್ನು ಬೇರ್ಪಡಿಸಿ ತೋರಿಸುವುದು ಅವರ ಊರಿನ ಹೆಸರುಗಳು ಮಾತ್ರ. ಬರೆದವನೊಬ್ಬ, ಆಡಿಸಿದವನೊಬ್ಬ ಎಂಬ ಈ ವ್ಯತ್ಯಾಸವನ್ನು ಚಲನಚಿತ್ರದ ಶೀರ್ಷಿಕೆಗಳು 'ಕಥೆ', 'ಚಿತ್ರಕಥೆ', 'ನಿರ್ದೇಶನ' ಎಂದು ಮೂರು ಫಲಕಗಳಲ್ಲಿ ಬಿಡಿಸಿಡುತ್ತವೆ. ಪಾರಿಜಾತದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರಿನಲ್ಲಿಯೂ ಊರು ಅಂಟಿಕೊಂಡೇ ಉಳಿದಿದೆ. ಆಕೆಯನ್ನು ತಂದೆಯ ಅಥವಾ ಗಂಡನ ಹೆಸರಿನಿಂದ ಯಾರೂ ಗುರುತಿಸುವುದಿಲ್ಲ. ಆಟವೇ ಆಕೆಗೆ ಕೊಟ್ಟ ಹೆಸರು ಅದು.

ಘೋಡಗೇರಿಯ ಕಂಬಾರರು ಪೂರ್ವರಂಗವನ್ನು ವಿದ್ಯಾರ್ಥಿಯಾಗಿ ಅಭ್ಯಾಸಮಾಡಿದವರು. ಉತ್ತರ ಕರ್ನಾಟಕದ ಜನಪದ ರಂಗಭೂಮಿ ಅವರ ಪಿಎಚ್.ಡಿ. ಅಧ್ಯಯನದ ವಿಷಯ. ೧೯೭೨ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ರಂಗವೇರಿದ 'ಜೋಕುಮಾರಸ್ವಾಮಿ' ನಾಟಕದ ಆರಂಭದಲ್ಲಿ ಹಿಮ್ಮೇಳ ರೂಢಿಯಂತೆ ಗಣಪತಿಯ ಸ್ತುತಿಗೆ ಅಣಿಯಾದರೆ ಸೂತ್ರಧಾರ ಇಂದಿನ ದೇವರು ಜೋಕುಮಾರಸ್ವಾಮಿ ಎನ್ನುತ್ತಾನೆ. ಯಾರ ಹೆಸರಿನಿಂದ ಆರಂಭ ಎಂಬ ಈ ಜಗಳದಲ್ಲಿಯೇ ಇಡೀ ನಾಟಕದ ರಾಜಕೀಯವಿದೆ: ಮಳೆ, ಬೆಳೆ, ಫಲವಂತಿಕೆಯ ದೇವರು ಮುಂದೆ ಬಂದರೆ, ಉಳುವವನಿಗೆ ಭೂಮಿಯೆಂಬ ಮಾತು ಅದರ ಹಿಂದೆಯೇ ಬರುತ್ತದೆ. ಶೀರ್ಷಿಕೆಯ ಕ್ರಮವನ್ನು ಬದಲಿಸುವುದು ಅರ್ಥವನ್ನು ಬದಲಿಸುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ತರಗತಿಯಲ್ಲಿ ಸಿಗುವುದು ಕಷ್ಟ.

೪

ಈ ಸೀಮೆಯ ಬರಹಗಾರರ ಹೆಸರುಗಳು ಕನ್ನಡ ಚಲನಚಿತ್ರದ ಫಲಕಗಳ ಮೇಲೆ ಬಿದ್ದ ಸಂದರ್ಭಗಳು ಕಡಿಮೆಯೇನಿಲ್ಲ. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ 'ಧರ್ಮದೇವತೆ' ಕಾದಂಬರಿ ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನದಲ್ಲಿ 'ಕರುಣೆಯೇ ಕುಟುಂಬದ ಕಣ್ಣು' (೧೯೬೨) ಎಂಬ ಹೆಸರಿನಿಂದ ಚಿತ್ರವಾಯಿತು. ಕನ್ನಡ ಕಾದಂಬರಿಗಳು ಸಾಲಾಗಿ ಚಿತ್ರಗಳಾಗುವ ಮುಂದಿನ ಕಾಲಕ್ಕೆ ದಾರಿ ತೋರಿದ ಚಿತ್ರಗಳಲ್ಲಿ ಇದು ಒಂದು. ಕಾದಂಬರಿಯ ಹೆಸರು ಪೌರಾಣಿಕದ ನೆರಳುಳ್ಳದ್ದು. ಚಿತ್ರದ ಹೆಸರು ಸಂಸಾರದ ಗಾದೆಯಂತಿದೆ. ಹೆಸರಿನ ಈ ಪಲ್ಲಟವೊಂದನ್ನೇ ಹಿಡಿದು ಓದುಗ ಸಮುದಾಯ ಮತ್ತು ನೋಡುಗ ಸಮುದಾಯಗಳ ವ್ಯತ್ಯಾಸವನ್ನು ವಿದ್ಯಾರ್ಥಿಯೊಬ್ಬ ಒಂದು ಅಧ್ಯಾಯದಷ್ಟು ಚರ್ಚಿಸಬಹುದು. ಮರುವರ್ಷ ಅದೇ ನಿರ್ದೇಶಕರು ಪುರಾಣಿಕರ 'ಕುಲವಧು'ವನ್ನು ಅದೇ ಹೆಸರಿನಲ್ಲಿ ಚಿತ್ರವಾಗಿಸಿದರು. ಬೇಂದ್ರೆಯವರ ಯುಗಾದಿಯ ಕವಿತೆ ಜನಸಾಮಾನ್ಯರ ಬಾಯಿಗೆ ಬಂದುದು ಆ ಚಿತ್ರದ ಮೂಲಕ.

ಪುರಾಣಿಕರ ಕಥೆಯನ್ನು ಆಧರಿಸಿದ 'ಸನಾದಿ ಅಪ್ಪಣ್ಣ' (೧೯೭೭) ಈ ಲೇಖನದ ದೃಷ್ಟಿಯಿಂದ ಹೆಚ್ಚು ಮಹತ್ವದ ಚಿತ್ರ. ಸನಾದಿ ಈ ಭಾಗದ ಮದುವೆ, ಜಾತ್ರೆಗಳಲ್ಲಿ ಭಜಂತ್ರಿ ಮೇಳದವರು ನುಡಿಸುವ ವಾದ್ಯ. ಚಿತ್ರದಲ್ಲಿ ಅದನ್ನು ನುಡಿಸುವ ಅಪ್ಪಣ್ಣನಾಗಿ ರಾಜಕುಮಾರ್ ಕಾಣಿಸುತ್ತಾರೆ. ಕೇಳಿಸುವುದು ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ. ಕಣ್ಣಿಗೆ ಒಬ್ಬ ಕಲಾವಿದ, ಕಿವಿಗೆ ಇನ್ನೊಬ್ಬ. ಕಥೆಯೊಳಗೆ ಈ ಎರಡನೆಯವನಿಗೆ ಮುಖವಿಲ್ಲ. ಅವನಿರುವುದು ಹೆಸರಿನಲ್ಲಿ. ಹಿನ್ನೆಲೆ ಗಾಯನವನ್ನು ಒಪ್ಪಿಕೊಂಡ ಭಾರತೀಯ ಚಿತ್ರಗಳಲ್ಲೆಲ್ಲ ಶೀರ್ಷಿಕೆಗೆ ಈ ಜವಾಬ್ದಾರಿ ಇದೆ. ಇಲ್ಲಿ ಅದು ಕಥಾವಸ್ತುವಿನೊಳಕ್ಕೇ ಬಂದು ಕೂತಿದೆ: ಊರವರ ಸಂಭ್ರಮಗಳಿಗೆಲ್ಲ ಬೇಕಾಗುವ ಸನಾದಿಯವನನ್ನು ಮೆರವಣಿಗೆ ಮುಗಿದ ಮೇಲೆ ನೆನೆಯುವವರು ಎಷ್ಟು ಜನ? ಆಮಂತ್ರಣ ಪತ್ರಿಕೆಯಲ್ಲಿ ಅವನ ಹೆಸರು ಅಚ್ಚಾಗುವುದಿಲ್ಲ.

ಕಂಬಾರರು ಸ್ವತಃ ನಿರ್ದೇಶಿಸಿದ 'ಕಾಡು ಕುದುರೆ'ಯಲ್ಲಿ ಚಿತ್ರದ ಹೆಸರನ್ನೇ ಹೊತ್ತ ಗೀತೆಯನ್ನು ಹಾಡಿದವರು ಶಿವಮೊಗ್ಗ ಸುಬ್ಬಣ್ಣ. ೧೯೭೮ನೆಯ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಆ ಹಾಡಿಗೆ ಬಂದಿತು. ಬರೆದವನು, ನಿರ್ದೇಶಿಸಿದವನು ಒಬ್ಬನೇ ಆಗಿರುವ ಈ ಚಿತ್ರವನ್ನು, ಕಂಬಾರರ 'ಸಿಂಗಾರೆವ್ವ ಮತ್ತು ಅರಮನೆ'ಯನ್ನು ಆಧರಿಸಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ 'ಸಿಂಗಾರೆವ್ವ' (೨೦೦೩) ಚಿತ್ರದೊಡನೆ ಇಟ್ಟು ನೋಡಿದರೆ ಹುಕ್ಕೇರಿ ಸೀಮೆಯ ಮಾತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಏನಾಗುತ್ತದೆಂಬುದು ಅಧ್ಯಯನಕ್ಕೆ ಸಿಗುತ್ತದೆ. ಆ ವಿಷಯ ಪ್ರತ್ಯೇಕ ಲೇಖನಕ್ಕೆ ಯೋಗ್ಯವಾದುದು.

೫

ಇಷ್ಟನ್ನು ಮುಂದಿಟ್ಟುಕೊಂಡು ವಿದ್ಯಾರ್ಥಿ ಮಾಡಬಹುದಾದ ಕೆಲಸವನ್ನು ಪಾರಿಜಾತದ ಮೇಳವೊಂದರ ದೃಶ್ಯ ದಾಖಲೆಯ ಉದಾಹರಣೆಯಿಂದ ನೋಡಬಹುದು. ಮೊದಲ ಹೆಜ್ಜೆ ನೋಡುವುದು. ಮೇಲೆ ಹೇಳಿದ ಶೀರ್ಷಿಕೆ ಭಾಗಗಳಲ್ಲಿ ಯಾವುದಾದರೂ ಒಂದನ್ನು ಒಮ್ಮೆ ದನಿಯನ್ನು ಮುಚ್ಚಿ ನೋಡಬೇಕು, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಬೇಕು. ಮೂರನೆಯ ಸಲ ಹೆಸರುಗಳು ಬೀಳುವ ಕ್ರಮವನ್ನು ಬರೆದುಕೊಳ್ಳಬೇಕು: ಯಾರು ಒಂಟಿ ಫಲಕದಲ್ಲಿದ್ದಾರೆ, ಯಾರು ಗುಂಪಿನಲ್ಲಿದ್ದಾರೆ, ಯಾರ ಅಕ್ಷರ ದೊಡ್ಡದು. ನಟರ ಹೆಸರು ಮೊದಲಾಗುವುದು, ಊಟ ಬಡಿಸಿದವರ ಹೆಸರು ಇಲ್ಲವಾಗುವುದು ಯಾವ ನ್ಯಾಯ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಅನಂತರ ಆಕೃತಿಯ ಆಯ್ಕೆ. ಜಲಪಾತದಿಂದ ಆರಂಭಿಸುವ ಆಸೆಯನ್ನು ಇಲ್ಲಿ ತಡೆದುಕೊಳ್ಳುವುದು ಒಳ್ಳೆಯದು. ಘಟಪ್ರಭೆ ಸುಮಾರು ೫೨ ಮೀಟರು ಕೆಳಕ್ಕೆ ಬೀಳುವ ಆ ದೃಶ್ಯ ಸುಂದರವೆಂಬುದರಲ್ಲಿ ಅನುಮಾನವಿಲ್ಲ; ಆದರೆ ಪಾರಿಜಾತಕ್ಕೂ ಅದಕ್ಕೂ ಸಂಬಂಧವಿಲ್ಲ. ನೀರನ್ನೇ ಕುರಿತ ಯೋಜನೆಯಾದರೆ ಮಾತು ಬೇರೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು, ಧೂಪದಾಳದ ಒಡ್ಡು, ಫಾಲ್ಸ್, ೧೮೮೫ರಲ್ಲಿ ಸ್ಥಾಪನೆಯಾದ ಗಿರಣಿ ಕಂಪನಿ, ೨೦೧೯ರ ಆಗಸ್ಟಿನಲ್ಲಿ ನೆರೆ ಹೊಕ್ಕ ಗೋಕಾಕದ ಓಣಿಗಳು, ಮುಂದೆ ಮೂಡಲಗಿ ತಾಲ್ಲೂಕಿನ ಸುಣಧೋಳಿ ಹೀಗೆ ಹೊಳೆ ಹರಿದ ಕ್ರಮದಲ್ಲಿಯೇ ಹೆಸರುಗಳನ್ನು ಬಿಡಬಹುದು. ಆಗ ಜಲಪಾತ ನಡುವಿನ ಒಂದು ತಿರುವು ಮಾತ್ರವಾಗುತ್ತದೆ. ಪಾರಿಜಾತಕ್ಕೆ ಬೇಕಾದ ಆಕೃತಿ ಮೇಳದೊಳಗೇ ಇರುತ್ತದೆ. ಬಣ್ಣ ಹಚ್ಚುವ ಕೈ, ಗೆಜ್ಜೆಯ ಗಂಟು, ಸತ್ಯಭಾಮೆಯ ಹೆರಳು, ಇನ್ನೂ ತೆರೆಯದ ತೆರೆ. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ ಕೊನೆಯವರೆಗೆ ಬಿಡದೆ ಹಿಡಿಯಬೇಕೆಂಬುದೇ ಬಾಸ್ ಮತ್ತು ರಾಯ್ ಇಬ್ಬರಿಂದಲೂ ಕಲಿಯುವ ಪಾಠ.

ದನಿಗೆ ಹೊರಗಿನ ಸಂಗೀತ ಬೇಡ. ಪೇಟಿ ಮಾಸ್ತರರು ಆಟಕ್ಕೆ ಮುಂಚೆ ಶ್ರುತಿ ಹಿಡಿಯುವುದು, ತಾಳದವನು ಒಂದೆರಡು ಸಲ ಬಡಿದು ನೋಡುವುದು, ಧ್ವನಿವರ್ಧಕದವನು ಊರಿನ ಹೆಸರು ಕೂಗಿ ಪರೀಕ್ಷಿಸುವುದು ಇವೆಲ್ಲ ಚಿತ್ರೀಕರಣದ ವೇಳ್ಯದಲ್ಲಿ ತಾವಾಗಿಯೇ ದಾಖಲಾಗಿರುತ್ತವೆ. ಇವು ಬೇಡವಾದ ಗದ್ದಲವೆಂದು ಸಂಕಲನದಲ್ಲಿ ಕತ್ತರಿಸಿ ಎಸೆಯಲಾಗುತ್ತದೆ. ಪೂರ್ವರಂಗವೆಂದರೆ ಈ ಗದ್ದಲವೇ.

ಅಕ್ಷರಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದುದು. ನುಡಿ, ಬರಹ ತಂತ್ರಾಂಶಗಳ ಮತ್ತು ಯುನಿಕೋಡ್‌ನ ಅಕ್ಷರವಿನ್ಯಾಸಗಳು ಪುಸ್ತಕದ ಪುಟಕ್ಕೆ ಸಾಕಾಗುತ್ತವೆ. ಚಲಿಸುವ ಪರದೆಗೆ ಅವುಗಳದೇ ತೊಂದರೆಗಳಿವೆ. ಅಕ್ಷರಗಳನ್ನು ಬಿಡಿಬಿಡಿಯಾಗಿ ಕುಣಿಸುವ ತಂತ್ರಾಂಶಗಳು ಬಹುಮಟ್ಟಿಗೆ ರೋಮನ್ ಲಿಪಿಗಾಗಿ ರೂಪುಗೊಂಡವು. 'ಕೃಷ್ಣ' ಎಂಬ ಪದವನ್ನು ಅವುಗಳಿಗೆ ಕೊಟ್ಟರೆ ವಟ್ರಸುಳಿ ಒಂದು ಕಡೆ, ಷಕಾರ ಒಂದು ಕಡೆ, ಣಕಾರದ ಒತ್ತು ಇನ್ನೊಂದು ಕಡೆ ಹಾರಿಬಂದು ಸೇರುವ ಅಪಾಯವಿದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಹೆಚ್ಚು ಜಾಗವೂ ಬೇಕು. ಇದಕ್ಕೆಲ್ಲ ಸುಲಭವಾದ ಪರಿಹಾರ ಕೈಬರಹ. ಅಂಗಡಿಗಳ ಫಲಕ ಬರೆಯುವ ಕಲಾವಿದರು, ಗೋಕಾಕದ ಕಟ್ಟಿಗೆಯ ಹಣ್ಣುಗಳಿಗೆ ಬಣ್ಣ ಕೊಡುವ ಕುಶಲಕರ್ಮಿಗಳು ಕುಂಚ ಹಿಡಿಯಬಲ್ಲರು. ಅವರಿಂದ ಹೆಸರುಗಳನ್ನು ಬರೆಯಿಸಿ, ಬರೆಯುವುದನ್ನೇ ಚಿತ್ರೀಕರಿಸಿದರೆ ಅಕ್ಷರ ಮೂಡುವ ಕ್ರಿಯೆ ತಾನೇ ಚಲನೆಯಾಗುತ್ತದೆ. ಹಾಗೆ ಬರೆದವರ ಹೆಸರಿಗೂ ಒಂದು ಫಲಕ ಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಹೆಸರುಗಳನ್ನು ಸೇರಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಕ್ಷೇತ್ರದಲ್ಲಿ ವಿದ್ಯಾರ್ಥಿ ಹಾಡುಗಾರ್ತಿಯನ್ನು ಆಯಿ ಎಂದೋ ಅವ್ವ ಎಂದೋ, ಭಾಗವತನನ್ನು ಕಾಕಾ ಎಂದೋ ಕರೆಯುತ್ತ ಎರಡು ದಿನ ಕಳೆದು ಬಂದಿರುತ್ತಾನೆ. ಪೂರ್ಣ ಹೆಸರು ಕೇಳುವುದೇ ಮರೆತಿರುತ್ತದೆ. ಜನಪದ ಗೀತೆಗಳ ಹಳೆಯ ಸಂಕಲನಗಳಲ್ಲಿ ಸಂಪಾದಕರ ಹೆಸರು ಮುಖಪುಟದ ಮೇಲಿದ್ದು ಹಾಡಿದವರ ಹೆಸರು ಎಲ್ಲಿಯೂ ಇಲ್ಲದಿರುವುದು ಸಾಮಾನ್ಯ. ಜನಪದಕ್ಕೆ ಕರ್ತೃ ಇಲ್ಲವೆಂಬ ಸಿದ್ಧಾಂತ ಈ ಅಲಕ್ಷ್ಯಕ್ಕೆ ನೆರವಾಯಿತು. ಹಾಡಿಗೆ ಕರ್ತೃ ಇಲ್ಲದಿರಬಹುದು, ಆ ರಾತ್ರಿ ಅದನ್ನು ಹಾಡಿದವಳು ಇದ್ದೇ ಇದ್ದಾಳೆ. ಇನ್ನು ಹೆಸರನ್ನು ಹೇಗೆ ಬರೆಯಬೇಕೆಂಬುದನ್ನು ವಿದ್ಯಾರ್ಥಿ ತಾನೇ ತೀರ್ಮಾನಿಸಕೂಡದು. ಈ ಭಾಗದ ಅಡ್ಡಹೆಸರುಗಳಲ್ಲಿ ಕಂಬಾರ, ಬಡಿಗೇರ, ಭಜಂತ್ರಿ, ಪೂಜಾರಿ ಎಂಬ ವೃತ್ತಿ ಮತ್ತು ಕುಲಗಳು ನೇರವಾಗಿ ಕಾಣುತ್ತವೆ. ಕೆಲವರಿಗೆ ಅದು ಹೆಮ್ಮೆ. ಕೆಲವರು ಅದನ್ನು ಬಿಟ್ಟು ಊರಿನ ಹೆಸರನ್ನು ಹಾಕಿಸಿಕೊಳ್ಳಲು ಇಚ್ಛಿಸಬಹುದು. ಪಾರಿಜಾತದಲ್ಲಿ ಪಾತ್ರ ವಹಿಸಿದ ಹಿರಿಯ ಹೆಣ್ಣುಮಕ್ಕಳಲ್ಲಿ ತಮ್ಮ ಹೆಸರು ಪರದೆಯ ಮೇಲೆ ಬರುವುದನ್ನು ಮನೆಯವರ ಸಲುವಾಗಿ ಒಲ್ಲೆನ್ನುವವರೂ ಇರಬಹುದು. ಆಗ ಹೆಸರಿನ ಜಾಗದಲ್ಲಿ ಪಾತ್ರದ ಹೆಸರನ್ನೂ ಊರನ್ನೂ ಹಾಕುವುದು ಒಂದು ದಾರಿ. ಖಾಲಿ ಬಿಟ್ಟ ಫಲಕವೂ ಒಂದು ದಾರಿಯೇ. ಏಕೆ ಖಾಲಿಯೆಂಬುದನ್ನು ಪ್ರಬಂಧದಲ್ಲಿ ವಿವರಿಸಬಹುದು.

ಹೆಸರಿನ ಹಿಂದೆ ಬರುವ ಪದಗಳೂ ಮೇಳದವೇ ಆಗಿರಬೇಕು. 'ಸಂಗೀತ ನಿರ್ದೇಶನ' ಎಂಬ ಚಲನಚಿತ್ರದ ಪದವನ್ನು ಭಾಗವತನ ತಲೆಗೆ ಕಟ್ಟುವುದಕ್ಕಿಂತ 'ಭಾಗವತರು' ಎಂದಷ್ಟೇ ಬರೆದರೆ ಅರ್ಥ ಹೆಚ್ಚು ಖಚಿತ. ಪೇಟಿ, ತಾಳ, ಹಿಮ್ಮೇಳ, ಬಣ್ಣ, ತೆರೆ ಹಿಡಿದವರು, ರಾತ್ರಿ ಚಹಾ ಮಾಡಿದವರು ಹೀಗೆ ಕೆಲಸದ ಹೆಸರುಗಳನ್ನು ಅವರ ಬಾಯಿಯಿಂದಲೇ ಕೇಳಿ ಬರೆದುಕೊಂಡರೆ ಅದು ಮೇಳದ ವೃತ್ತಿಪದಗಳ ಸಣ್ಣ ಕೋಶವೂ ಆಗುತ್ತದೆ. ಭಾಷಾ ಅಧ್ಯಯನದ ಪತ್ರಿಕೆಗೆ ಅದೇ ಬೇರೊಂದು ಆಕರ.

ಕಾಲದ ಲೆಕ್ಕ ಸರಳ. ಮೂರು ನಾಲ್ಕು ಪದಗಳ ಫಲಕವೊಂದನ್ನು ಅವಸರವಿಲ್ಲದೆ ಓದಲು ಮೂರು ಸೆಕೆಂಡು ಬೇಕೆಂದಿಟ್ಟುಕೊಂಡರೆ ಇಪ್ಪತ್ತು ಹೆಸರುಗಳಿಗೆ ಒಂದು ನಿಮಿಷ ಹಿಡಿಯುತ್ತದೆ. ಹನ್ನೆರಡು ನಿಮಿಷಗಳ ದಾಖಲೆಯಲ್ಲಿ ಒಂದು ನಿಮಿಷ ಹೆಸರುಗಳಿಗೆ ಹೋಯಿತೆಂದು ಪರೀಕ್ಷಕರು ಗೊಣಗಬಹುದು. ಬೆಳ್ಳನೆ ಬೆಳಗಾಗುವವರೆಗೆ ನಡೆಯುವ ಆಟದಲ್ಲಿ ಪೂರ್ವರಂಗ ಎಷ್ಟು ಹೊತ್ತು ನಡೆಯುತ್ತದೆಂಬುದನ್ನು ಅವರಿಗೆ ನೆನಪಿಸಬಹುದು. ಮಹಾವಿದ್ಯಾಲಯ, ಮಾರ್ಗದರ್ಶಕರು ಮತ್ತು ವಿದ್ಯಾರ್ಥಿಯ ಹೆಸರುಗಳು ರೂವಾರಿಯ ಹೆಸರಿನಂತೆ ಕೊನೆಗೆ ಬಂದರೆ ಸಾಕು.

ಫಲಕಗಳು ಸಿದ್ಧವಾದ ಮೇಲೆ, ದಾಖಲೆಯನ್ನು ವಿಭಾಗಕ್ಕೆ ಒಪ್ಪಿಸುವ ಮೊದಲು, ಅವುಗಳನ್ನು ಮೊಬೈಲಿನಲ್ಲಿಯೇ ಮೇಳದವರಿಗೆ ಒಮ್ಮೆ ತೋರಿಸಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ನಿಂಗಮ್ಮ ನಿಂಗವ್ವಳಾಗಿರುವುದು, ಊರಿನ ಹೆಸರಿನ ದೀರ್ಘ ಹ್ರಸ್ವವಾಗಿರುವುದು, ತೀರಿಹೋದ ಗುರುವೊಬ್ಬನ ಹೆಸರು ಬಿಟ್ಟುಹೋಗಿರುವುದು ತಿಳಿಯುವುದು ಆಗಲೇ. ಆ ಗುರುವಿನ ಹೆಸರನ್ನು ಎಲ್ಲಿ ಸೇರಿಸಬೇಕೆಂದು ಕೇಳಿದರೆ ಮೇಳದವರ ಉತ್ತರ ಬಹುಪಾಲು ಒಂದೇ ಇರುತ್ತದೆ: ಗಣಪತಿಯ ನಂತರ, ಉಳಿದವರೆಲ್ಲರಿಗಿಂತ ಮೊದಲು.